ಗೇರಿನ ಗುಂಡು ಕೂಗಿದ ಮಾತು

"ಮೊಣಕಾಲುದ್ದ ನೀರಿಗೆ ಹೆದ್ರಿ ಕುಂತ್ರೆ ಲಾರಿ ಯಾಕೆ ಓಡಿಸ್ಬೇಕು? ಈಗ್ಲೇ ಹಳ್ಳ ದಾಟ್ಬುಡ್ತೀನಿ," ಎಂದು ಸಣ್ಣರಂಗಯ್ಯ ಎದ್ದ.

ಕೊಡಿಗೇನಹಳ್ಳಿಯ ಹೋಟೆಲಿನ ಸೂರಿನಿಂದ ಮಳೆ ಹಗ್ಗದಂತೆ ಇಳಿಯುತ್ತಿತ್ತು. ಬೆಂಚಿನ ಮೇಲಿದ್ದವರು ಕಂಬಳಿ ಹೊದ್ದು ಒತ್ತಿಕೊಂಡು ಕೂತಿದ್ದರು. ಕುರಿ ಕಾಯುವ ಮುದುಕ ಓಬಯ್ಯ ನಕ್ಕ.

"ದಾಟೀಯಂತೆ, ಕುಂತ್ಕಳ್ಲಾ. ಸಿರಾದ ಬಾಡಿಗೆ ಕಾರಿನ ಅಸ್ಗರ್‌ನ ಬಲ್ಯೇನ್ಲಾ? ಅವ್ನೂ ನಿನ್ನಂಗೇ ಅವಸರದೋನು. ಒಂದಿನ ಏನಾಯ್ತಪ್ಪಾ ಅಂದ್ರೆ… ಗೇರು ಹಾಕಕ್ಕೋದ, ಕಡ್ಡಿ ಮ್ಯಾಗಿನ ಗುಂಡು ಸೀಳಿ ಕೈಗೇ ಬಂತು!"

ಅಸ್ಗರ್ ಹಿಂದೂಪುರದ ಗುಜರಿಯಲ್ಲಿ ಹುಡುಕಾಡಿ ಒಂದು ಕರಿ ಗುಂಡು ತಂದ. ಮನೆ ಮುಂದೆಯೇ ಕಾರು ನಿಲ್ಲಿಸಿ, ಕಡ್ಡಿಯ ತುದಿಯ ತುಕ್ಕನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ, ಗುಂಡು ಸಡಿಲವಾಯಿತೆಂದು ಹೆಂಡತಿ ಕುಲ್ಸುಮ್ ಕೊಟ್ಟ ಹೊಲಿಗೆ ದಾರವನ್ನು ಸುತ್ತಿ, ತಿರುವಿ ಬಿಗಿದ. ಕುಲ್ಸುಮ್ ಆ ಗುಂಡನ್ನು ಮುಟ್ಟಿದವಳೇ ಕೈ ಹಿಂದಕ್ಕೆಳೆದುಕೊಂಡಳು.

"ಯಾರೋ ಈಗಷ್ಟೇ ಕೈ ತೆಗ್ದಂಗೆ ಬೆಚ್ಚಗೈತೆ, ಜೀ."

"ಬಿಸಿಲಿಗೆ ಕಾದೈತೆ ಕಣೇ ಹುಚ್ಚಿ!"

ಅವತ್ತು ಬಿಸಿಲೆಲ್ಲಿತ್ತು? ಮೂರು ಲೋಕಕ್ಕೂ ಮೋಡ ಕವಿದಿತ್ತು…

ಅದೇ ವಾರ ಕೊಡಿಗೇನಹಳ್ಳಿಗೆ ಬಾಡಿಗೆ ಬಂದವನನ್ನು ಊರಿನ ಕೆಂಪಕ್ಕ ಕೈ ಮುಗಿದು ತಡೆದಳು. ಸೊಸೆ ಪುಟ್ಟಕ್ಕನಿಗೆ ಹೆರಿಗೆ ನೋವು, ಹೊಟ್ಟೆಯಲ್ಲಿ ಕೂಸು ಅಡ್ಡ ತಿರುಗಿತ್ತು. ಮಧುಗಿರಿ ಆಸ್ಪತ್ರೆ ಮುಟ್ಟಿದರೆ ಎರಡು ಜೀವ, ಇಲ್ಲವಾದರೆ ಒಂದೂ ಇಲ್ಲ. ಇಬ್ಬರನ್ನೂ ಹಿಂದೆ ಕೂರಿಸಿಕೊಂಡು ಅಸ್ಗರ್ ಮಳೆಯಲ್ಲೇ ಹೊರಟ. ಹಿಂದಿನಿಂದ ಪುಟ್ಟಕ್ಕನ ನರಳಾಟ ಕೇಳಿದಾಗಲೆಲ್ಲ ಅವನ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತಿತ್ತು. ಮಧುಗಿರಿ ದಾರಿಯ ಇದೇ ಹಳ್ಳ ಹತ್ತಿರವಾದಂತೆ ಅಂಗೈಯೊಳಗಿನ ಗುಂಡು ಮಿಡಿಯತೊಡಗಿತು. ಆಮೇಲೆ… ಒಂದು ಗಂಡು ದನಿ.

"ಆಗು… ಆಗು…"

ಅಸ್ಗರ್‌ಗೆ ಕೇಳಿದ್ದೇನು? ಅವನ ಮನೆಮಾತಿನ 'ಆಗೇ', ಅಂದರೆ ಮುಂದಕ್ಕೆ! ಅವನ ಜೀವಕ್ಕೆ ಬೇಕಾಗಿದ್ದೂ ಅದೇ.

"ಆಗೇನೇ ಓಯ್ತಾ ಇವ್ನಿ!" ಎಂದು ಇನ್ನೂ ಜೋರಾಗಿ ಬಿಟ್ಟ. ದನಿ ಅಳತೊಡಗಿತು. "ಆಗು! ಆಗು!"

ಕೆಂಪಕ್ಕ ಹಿಂದಿನಿಂದ ಅವನ ಬೆನ್ನಿಗೆ ಗುದ್ದಿದಳು. "ನಿಂಗೇನು ಕಿವುಡೇನ್ಲಾ? ಮುಂದೆ ಕುಂತೋನು ಅಂಗೆ ಬಡ್ಕೊತಾವ್ನೆ! ಆಗು ಅಂದ್ರೆ ತೆಲುಗ್ನಾಗೆ ನಿಲ್ಲು ಅಂತ!"

ಮುಂದಿನ ಸೀಟು ಖಾಲಿ ಇತ್ತು.

ಅಸ್ಗರ್ ಬ್ರೇಕಿನ ಮೇಲೆ ನಿಂತೇಬಿಟ್ಟ. ಚಕ್ರದ ಮುಂದೆ ರಸ್ತೆಯೇ ಇರಲಿಲ್ಲ. ಕೆಂಪು ನೀರು ಅದನ್ನು ಕೊಚ್ಚಿ ಒಯ್ದಿತ್ತು. ಕಾರು ತಿರುಗಿಸಿ, ಸುತ್ತು ದಾರಿ ಹಿಡಿದು ಆಸ್ಪತ್ರೆ ಮುಟ್ಟಿದ. ತಾಯಿ ಮಗು ಇಬ್ಬರೂ ಉಳಿದರು.

"ಆಮ್ಯಾಕೆ ಗುಜರಿಯೋನು ಬಾಯಿಬುಟ್ಟ," ಎಂದ ಓಬಯ್ಯ. "ಅದು ನರಸಪ್ಪ ಅನ್ನೋನ ಕಾರಿನ ಗುಂಡಂತೆ. ಅದೇ ಹಳ್ಳ ಕಣ್ರಪ್ಪಾ… ದಡದಾಗಿದ್ದ ಜನ 'ಆಗು, ಆಗು' ಅಂತ ಕೂಗಿದ್ರೂ ನಿಲ್ಲದೆ ನುಗ್ಗಿ, ಹೆಂಡ್ತಿ ಮಕ್ಕಳ ಸಮೇತ ಕೊಚ್ಚಿಕೊಂಡೋದೋನು. ತಾನು ಕೇಳದ ಮಾತ್ನ ಈಗ ತಾನೇ ಕೂಗ್ತಾವ್ನೆ, ಪಾಪ."

"ಅಸ್ಗರ್ ಗುಂಡು ಕಿತ್ತು ಬಿಸಾಕ್ಲಿಲ್ವಾ?" ಎಂದು ಬೆಂಚಿನ ಮೇಲಿದ್ದವನೊಬ್ಬ ಕೇಳಿದ.

"ಯಾಕೆ ಬಿಸಾಕ್ತಾನೆ? ಹಳ್ಳ ಬಂದ್ರೆ ನಿಲ್ಲಿಸಿ, 'ಆಗಿನಾನು ನರಸಪ್ಪಾ', ನಿಂತಿವ್ನಿ ಅಂತ ತೆಲುಗ್ನಾಗೇ ಹೇಳಿ, ಇಳಿದು ನೀರು ನೋಡ್ಕೊಂಡು ದಾಟೋನು. ಹೋದ ವರ್ಷ ಕಾಯ್ಲೆ ಬಿದ್ದು ತೀರ್ಕೊಂಡ. ಕುಲ್ಸುಮ್ಮು ಕಾರು ಮಾರಿದ್ಲು, ಗುಂಡು ಮಾರ್ಲಿಲ್ಲ. ಹಳ್ಳದ ದಡದಾಗೆ ಹೂಳಿಸಿದ್ಲು."

"ಅಂಗಾದ್ರೆ ಕೂಗು ನಿಂತಿರ್ಬೇಕು," ಎಂದ ಸಣ್ಣರಂಗಯ್ಯ.

"ನಿಲ್ಲೋದೇ? ಮೊನ್ನೆ ಮಳ್ಯಾಗೆ ಕುರಿ ಹೊಡ್ಕೊಂಡು ಅಲ್ಲೇ ಬಂದೆ ಕಣ್ಲಾ… ಈಗ ಎರಡು ದನಿ. ಒಂದು 'ಆಗು' ಅಂತದೆ. ಇನ್ನೊಂದು, 'ಆಗೇ ಮತ್ ಜಾ… ಮುಂದೆ ಹೋಗ್ಬ್ಯಾಡ' ಅಂತದೆ."

ಸಣ್ಣರಂಗಯ್ಯ ಮಳೆಯಲ್ಲೇ ಇಳಿದು ಹೋಗಿ, ಲಾರಿಯ ಚಕ್ರಕ್ಕೆ ಎರಡು ಕಲ್ಲು ಅಡ್ಡ ಕೊಟ್ಟು ಬಂದ.