ಒಂದೇ ಕರೆಗೆ

ಕೆಲಸದ ಜಾಗದ ಬಾವಿಯ ಬದಿಯಿಂದ ರಾತ್ರಿ ನಡೆದು ಬರುವಾಗ ಸುಧಾಕರನನ್ನು ಯಾರೋ ಕರೆದರು.

“ಸುಧಣ್ಣಾ...”

ಒಂದೇ ಸಲ. ಹಿಂದಿನಿಂದ. ಜೋರಾಗಿ ಅಲ್ಲ... ಪಕ್ಕದ ಕೋಣೆಯಿಂದ ಕರೆದಷ್ಟೇ.

ಸುಧಾಕರ ನನ್ನ ದೊಡ್ಡಮ್ಮನ ಮಗ. ಕತೆ ಕಟ್ಟುವವನಲ್ಲ. ಕಟ್ಟಲು ಅವನಿಗೆ ಬರುವುದೂ ಇಲ್ಲ. ಅವನ ಕೆಲಸ ಹಳೆಯ ಎಣ್ಣೆ ಟ್ಯಾಂಕುಗಳನ್ನು ಬಿಚ್ಚುವುದು. ಬಂಟ್ವಾಳದ ಆಚೆ ಹೊಳೆಬದಿಯಲ್ಲಿ ಮುಚ್ಚಿಹೋದ ಒಂದು ಕಾರ್ಖಾನೆ ಉಂಟು. ಅದರ ಹಿಂದೆ ಮನೆಗಿಂತ ಎತ್ತರದ ಒಂದು ಟ್ಯಾಂಕು. ಮೊದಲು ತಳದ ಎಣ್ಣೆಕೆಸರು ತೆಗೆಯಬೇಕು, ಬ್ಲೋವರಿನಿಂದ ಗಾಳಿ ಹಾಯಿಸಬೇಕು, ಮೀಟರ್ ಹಿಡಿದು ಗ್ಯಾಸ್ ಇಲ್ಲವೆಂದು ನೋಡಬೇಕು. ಕತ್ತರಿಸುವುದು ಆಮೇಲೆ. ಅಲ್ಲಿಯವರೆಗೆ ಒಂದು ಕಿಡಿ ಕೂಡದು. ಆ ದಿನ ಕೆಸರು ಅರ್ಧ ಉಳಿದಿತ್ತು. ಬ್ಲೋವರ್ ನಿಲ್ಲಿಸಿ, ಟ್ಯಾಂಕಿನ ಬುಡದಲ್ಲಿ ಆಳು ನುಸುಳುವಷ್ಟಿನ ಮ್ಯಾನ್‌ಹೋಲಿಗೆ ಹಲಗೆ ಅಡ್ಡ ಇಟ್ಟು, ಅವನು ಬಾವಿಯ ಬದಿಯ ಕಾಲುದಾರಿಯಲ್ಲಿ ಹೊರಟಿದ್ದ.

ರಾತ್ರಿ ಯಾರಾದರೂ ಕರೆದರೆ ಒಮ್ಮೆಗೇ ಓಗೊಡಬಾರದು ಎಂದು ನಮ್ಮ ಅಜ್ಜಿ ಕಲಿಸಿದ್ದರು. ಮನುಷ್ಯರಾದರೆ ಎರಡನೇ ಸಲ ಕರೆಯುತ್ತಾರೆ, ಮೂರನೇ ಸಲ ಕರೆಯುತ್ತಾರೆ. ‘ಅದು’ ಕರೆಯುವುದು ಒಂದೇ ಸಲ.

ಸುಧಾಕರ ನಿಂತ. ಕಾದ. ಬಾವಿಯ ರಾಟೆ ಗಾಳಿಗೆ ‘ಕಿರ್’ ಎಂದಿತು...

ಎರಡನೇ ಕರೆ ಬರಲಿಲ್ಲ.

ಅವನನ್ನು ಸುಧಣ್ಣ ಎನ್ನುತ್ತಿದ್ದವನು ಒಬ್ಬನೇ. ನನ್ನ ತಮ್ಮ, ಅಶ್ವಿತ್.

ಅಶ್ವಿತ್ ಹೋಗಿ ಎರಡು ವರ್ಷವಾಯಿತು. ಅದೂ ಟ್ಯಾಂಕಿನ ಒಳಗೆಯೇ, ಬೇರೆ ಊರಿನಲ್ಲಿ. ಒಬ್ಬ ಒಳಗಿರುವಾಗ ಹೊರಗೆ ನಿಂತವನು ಆಗಾಗ ಅವನ ಹೆಸರು ಹಿಡಿದು ಕರೆಯುತ್ತಿರಬೇಕು, ಒಳಗಿನವನು ‘ಓ’ ಎನ್ನುತ್ತಿರಬೇಕು. ಆ ದಿನ ಹೊರಗೆ ನಿಂತಿದ್ದವನು ಸುಧಾಕರ. ಅಜ್ಜಿಯ ಮಾತನ್ನು ನನ್ನ ತಮ್ಮ ಹಗಲಿನ ಆಟ ಮಾಡಿಕೊಂಡಿದ್ದ. ಅಮ್ಮ ಊಟಕ್ಕೆ ಕರೆದರೂ ಮೂರನೇ ಸಲಕ್ಕೇ ‘ಓ’. “ಒಂದೇ ಸಲ ಕರೆದರೆ ನೀನು ಅಮ್ಮನಾ ದೆವ್ವವಾ ಅಂತ ನನಗೆ ಹೇಗೆ ಗೊತ್ತಾಗುವುದು?” ಎಂದು ನಗುತ್ತಿದ್ದ. ಹಾಗಾಗಿ ಸುಧಾಕರ ಒಮ್ಮೆ ಕರೆದು ಉತ್ತರ ಬಾರದಾಗ, ಇವನ ಕುಶಾಲು ಎಂದುಕೊಂಡ. ಮತ್ತೊಮ್ಮೆ ಕರೆದ. ಮೂರನೆಯದಕ್ಕೂ ‘ಓ’ ಬರಲಿಲ್ಲ... ಒಳಗೆ ನುಗ್ಗಲು ಹೋದವನನ್ನು ನಾಲ್ಕು ಜನ ನೆಲಕ್ಕೆ ಒತ್ತಿ ಹಿಡಿದರು. ಹಿಡಿಯದಿದ್ದರೆ ಇವನೂ ಹೋಗುತ್ತಿದ್ದ. ಆ ಗ್ಯಾಸಿಗೆ ಸಿಕ್ಕಿದವನನ್ನು ಎತ್ತಲು ಹೋದವನು ಅವನ ಮೇಲೆಯೇ ಬೀಳುತ್ತಾನೆ.

ನಾವು ಯಾರೂ ಸುಧಾಕರನನ್ನು ದೂರಲಿಲ್ಲ. ಆಮೇಲೆ ಅವನೇ ಒಂದು ನಿಯಮ ಮಾಡಿದ: ಗಳಿಗೆಗೊಮ್ಮೆ ಕರೆಯಬೇಕು, ಆದರೆ ಪ್ರತಿ ಬಾರಿಯೂ ಕರೆಯುವುದು ಒಂದೇ ಸಲ. ‘ಓ’ ಬಾರದಿದ್ದರೆ ಸೊಂಟದ ಹಗ್ಗ ಹಿಡಿದು ಹೊರಗೆ ಎಳೆಯುವುದು.

“ನನ್ನ ಹೆಂಡತಿ ಹಫ್ಸ ಕೂಡ ಇಷ್ಟು ಕರೆಯುವುದಿಲ್ಲ ಮಾರಾಯ್ರೆ,” ಎಂದು ಅವನ ಈಗಿನ ಜೊತೆಗಾರ ಹನೀಫಾ ಟ್ಯಾಂಕಿನೊಳಗಿಂದ ಗೊಣಗುತ್ತಿದ್ದ. “ನಿಮ್ಮನ್ನು ಕಟ್ಟಿಕೊಂಡವರ ಕಿವಿ ಏನಾಗಬೇಕು!”

“ಕಿವಿ ಹೋಗಲಿ. ನೀನು ಓ ಹೇಳು.”

“ಓ... ಓ... ಓ. ನಾಳೆಯದ್ದೂ ಸೇರಿಸಿ ಹೇಳಿದ್ದೇನೆ, ಸಾಕಾ?”

ಬಾವಿಯ ಹತ್ತಿರ ನಿಂತ ಸುಧಾಕರನಿಗೆ ಆ ನಿಯಮ ನೆನಪಾಯಿತು. ಈಗ ಒಂದು ಕರೆಗೆ ಓಗೊಡದೆ ನಿಂತವನು ತಾನು.

ಅವನು ಟ್ಯಾಂಕಿನ ಕಡೆಗೆ ತಿರುಗಿ ನಡೆದ.

ಹಗಲು ಕಾದ ಟ್ಯಾಂಕು ರಾತ್ರಿ ತಣಿಯುವಾಗ ‘ಟಿಣ್... ಟಿಣ್’ ಎನ್ನುತ್ತದೆ. ಅದು ಅವನಿಗೆ ಗೊತ್ತಿದ್ದ ಶಬ್ದ. ಆದರೆ ಮ್ಯಾನ್‌ಹೋಲಿನ ಹಲಗೆ ಬದಿಗೆ ಸರಿದಿತ್ತು. ಅಲ್ಲಿ ಹನೀಫಾನ ಚಪ್ಪಲಿ. ಒಳಗೆ ಟಾರ್ಚು ಅಡ್ಡಬಿದ್ದು ಗೋಡೆಗೆ ಬೆಳಕು ಬಿಟ್ಟಿತ್ತು. ಬೆಳಕಿನ ಆಚೆ ಹನೀಫಾ, ಮಗ್ಗುಲಾಗಿ, ಅಲುಗದೆ.

ಆದದ್ದು ಇಷ್ಟು. ಮನೆಗೆ ಹೊರಟು ಬೈಕಿನ ಹತ್ತಿರ ಹೋದಮೇಲೆ ಹನೀಫಾನಿಗೆ ಕೀ ಟ್ಯಾಂಕಿನೊಳಗೆ ಬಿದ್ದದ್ದು ಗೊತ್ತಾಗಿದೆ. ಒಂದು ಗಳಿಗೆಯ ಕೆಲಸವೆಂದು ಹಗ್ಗ ಕಟ್ಟದೆ ಒಳಗೆ ಹೋಗಿದ್ದಾನೆ. ಬ್ಲೋವರ್ ನಿಂತಮೇಲೆ ಕೆಸರಿನಿಂದ ಗ್ಯಾಸ್ ಮತ್ತೆ ಏಳುತ್ತದೆ.

ಸುತ್ತ ಒಂದು ನರಪಿಳ್ಳೆಯಿಲ್ಲ. ಹಿಡಿದು ನಿಲ್ಲಿಸಲು ಆ ನಾಲ್ಕು ಜನವೂ ಇಲ್ಲ.

“ನನ್ನ ಒಂದು ಕಾಲು ಒಳಗೇ ಇತ್ತು ಅಕ್ಕ,” ಎಂದು ಸುಧಾಕರ ನನಗೆ ಪಿಸುದನಿಯಲ್ಲಿ ಹೇಳಿದ. “ಇನ್ನೊಂದು ಸಲ ಹೊರಗೆ ನಿಂತು ನೋಡಲಿಕ್ಕೆ ನನ್ನಿಂದ ಆಗ್ತಿರಲಿಲ್ಲ. ಹೋಗುವ, ಸತ್ತರೆ ಸಾಯುವ ಅಂತಲೇ ಇದ್ದೆ. ಕಡೆಗೆ ಒಮ್ಮೆ ಕರೆದೆ... ಅಭ್ಯಾಸ ಅಲ್ವಾ.”

“ಹನೀಫಾ!”

“ಓ.”

ತಕ್ಷಣ ಬಂತು. ಸುಧಾಕರ ಕಾಲು ಹೊರಗೆ ತೆಗೆದ. ಜೀವ ಉಂಟು. ಗಾಳಿ ಕೊಟ್ಟರೆ ಉಳಿಯುತ್ತಾನೆ. ಕಿಡಿಯ ಭಯಕ್ಕೆ ಬ್ಲೋವರನ್ನು ದೂರದ ಶೆಡ್ಡಿನಲ್ಲಿ ಇಟ್ಟಿದ್ದರು. ಅಲ್ಲಿಗೆ ಓಡಿ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿದ. ಫೋನ್ ಕಿವಿಯಲ್ಲಿರುವಾಗಲೇ ಟ್ಯಾಂಕಿನ ಕಡೆ ತಿರುಗಿ ಕೂಗಿದ.

“ಹನೀಫಾ!”

“ಓ...” ಖಾಲಿ ಟ್ಯಾಂಕು ಇಡೀ ಮೊಳಗಿತು.

ಬ್ಲೋವರ್ ‘ಗೂಂ’ ಎಂದು ತಿರುಗಿತು. ಅದರ ಪೈಪಿನ ತುದಿಯನ್ನು ಒಂದು ಬಿದಿರಿಗೆ ಕಟ್ಟಿ, ಹೊರಗೆ ಮಂಡಿಯೂರಿ, ಹನೀಫಾನ ಮುಖದ ಹತ್ತಿರಕ್ಕೆ ತಳ್ಳಿ ಹಿಡಿದ. ಕೈ ಸೋತಾಗ ಕರೆದ. ಓ. ಅಳು ಬಂದಾಗ ಕರೆದ. ಓ. ಬಿದಿರು ಬಿಸಾಡಿ ಒಳಗೆ ನುಗ್ಗುವ ಎನಿಸಿದಾಗಲೆಲ್ಲ ಕರೆದ. ಒಂದೇ ಕರೆಗೆ... ಓ.

ಅಗ್ನಿಶಾಮಕದವರು ಬಂದು, ಮುಖಕ್ಕೆ ಗಾಳಿಯ ಮಾಸ್ಕ್ ಹಾಕಿಕೊಂಡು ಒಳಗೆ ಹೋಗಿ, ಹನೀಫಾನನ್ನು ಹೊರಗೆ ತಂದರು. ಉಸಿರು ಇತ್ತು, ಎಳೆಯಷ್ಟು. ಅವರಲ್ಲೊಬ್ಬ ಕೇಳಿದ:

“ಇನ್ನೊಬ್ಬ ಎಲ್ಲಿ?”

“ಇನ್ನೊಬ್ಬ ಯಾರೂ ಇಲ್ಲ.”

“ಇವನು ಪೂರ್ತಿ ಪ್ರಜ್ಞೆ ತಪ್ಪಿದ್ದಾನೆ ಮಾರಾಯ. ಮತ್ತೆ ಫೋನಿನಲ್ಲಿ ಓ ಅಂದದ್ದು ಕೇಳಿತು ಅಂತ ಠಾಣೆಯವರು ಹೇಳಿದರಲ್ಲ, ಅದು ಯಾರು?”

ಆ ಮನುಷ್ಯ ಮತ್ತೆ ಒಳಗೆ ಹೋಗಿ ಮೂಲೆಮೂಲೆಗೂ ಬೆಳಕು ಹಾಕಿ ನೋಡಿದ. ಕೆಸರು. ಒಂದು ಬೈಕಿನ ಕೀ. ಬೇರೇನೂ ಇಲ್ಲ.

ಹನೀಫಾ ಉಳಿದ. ಆಸ್ಪತ್ರೆಯಲ್ಲಿ ಮಾತು ಬಂದಮೇಲೆ ಹೇಳಿದ್ದು ಇಷ್ಟೇ: “ಕೀ ತೆಗೆಯಲಿಕ್ಕೆ ಬಾಗಿದ್ದು ನೆನಪುಂಟು. ಓ ಹೇಳಿದವ ನಾನಲ್ಲ ಸುಧಾಕರಣ್ಣ.”

ನಾನು ಮಕ್ಕಳಿಗೆ ಪಾಠ ಹೇಳುವವಳು, ಕೇಳಿದ್ದನ್ನೆಲ್ಲ ನಂಬುವವಳಲ್ಲ. ಠಾಣೆಗೆ ಹೋಗಿ ಆ ರಾತ್ರಿ ಫೋನ್ ಎತ್ತಿದವರನ್ನೇ ಕಂಡೆ. “ಎರಡು ಸ್ವರ ಕೇಳಿದ್ದೇನೆ ಟೀಚರ್,” ಎಂದರು. “ಒಂದು ಕರೆದದ್ದು. ಒಂದು ಓ ಅಂದದ್ದು, ಪ್ರಾಯದ ಹುಡುಗನ ಸ್ವರ.” ಹನೀಫಾನಿಗೆ ಐವತ್ತು ದಾಟಿದೆ.

ಸುಧಾಕರ ಇದನ್ನು ನನಗೆ ಹೇಳಿದ್ದು ಲಾಯಿಲದ ನಮ್ಮ ಮನೆಯ ಜಗಲಿಯಲ್ಲಿ, ರಾತ್ರಿ. ಅಮ್ಮ ಮಲಗಿದ್ದಾರೆಂದು ತಿಳಿದಿದ್ದೆವು. ಬಾಗಿಲ ಹಿಂದಿನ ಕತ್ತಲಿನಿಂದ ಅವರ ಸ್ವರ ಬಂತು.

“ಒಂದೇ ಕರೆಗಾ?”

“ಹೌದು ಚಿಕ್ಕಮ್ಮ,” ಎಂದ ಸುಧಾಕರ. “ಪ್ರತಿ ಸಲವೂ ಒಂದೇ ಕರೆಗೆ.”

ಅಮ್ಮ ನಮ್ಮನ್ನು ದಾಟಿ ಅಂಗಳಕ್ಕೆ ಇಳಿದರು. ಊಟಕ್ಕೆ ಕರೆಯುವ ಸ್ವರದಲ್ಲಿಯೇ ಕರೆದರು.

“ಅಶ್ವಿತ್...”

ನಾನು ಅಲ್ಲೇ ಇದ್ದೆ. ಸುಧಾಕರನೂ ಇದ್ದ. ಕಂಡದ್ದನ್ನಷ್ಟೇ ಹೇಳುತ್ತಿದ್ದೇನೆ, ಒಂದು ಅಕ್ಷರ ಹೆಚ್ಚಿಲ್ಲ. ನಮ್ಮಿಬ್ಬರಿಗೂ ಏನೂ ಕೇಳಿಸಲಿಲ್ಲ.

ಅಮ್ಮ ಎರಡನೇ ಸಲ ಕರೆಯಲಿಲ್ಲ.