ರಾಜನ ತಲೆಯ ಲಕೋಟೆ

ಮಗಳ ಟ್ಯೂಷನ್ ಮುಗಿಯಲೆಂದು ತಾರ್ನಾಕದ ಬಸ್ ನಿಲ್ದಾಣದಲ್ಲಿ ಕುಳಿತಿದ್ದಾಗ ಕೇಳಿದ ಮಾತು. ರದ್ದಿ ಅಂಗಡಿಯಲ್ಲಿ ಕಾಗದ ಆರಿಸುವ ಗದಿಗೆಮ್ಮ ಹಳೆಯ ಅಂಚೆ ಲಕೋಟೆಯೊಂದನ್ನು ಸ್ಟ್ಯಾಂಪು ಕೂಡಿಡುವ ಮೋಹನನಿಗೆ ತೋರಿಸುತ್ತಿದ್ದಳು. ಅವನ ಕೊರಳಲ್ಲಿ ಹೈಟೆಕ್ ಸಿಟಿಯ ಕಂಪನಿಯ ಗುರುತಿನ ಕಾರ್ಡು.

"ಹಳೇದು ಅಂತ ಹೇಗೆ ಗೊತ್ತಾಯ್ತಮ್ಮ? ಓದೋಕೆ ಬರಲ್ಲ ಅಂದಿದ್ರಿ."

"ಓದಾಕ ಯಾಕ ಬೇಕ್ರಿ? ಸ್ಟ್ಯಾಂಪಿನ ಮ್ಯಾಲ ಬೆರಳಾಡಸ್ರಿ. ಅಂಟಿಸಿದ್ದಲ್ಲ, ಕವರಿಗೇ ಒತ್ತ್ಯಾರ. ರಾಜನ ತಲಿ ಹೆಂಗ ಉಬ್ಬೈತಿ ನೋಡ್ರಿ."

"ಹೌದಲ್ಲ!"

"ಹಿಂದ ಅಂಟಸೋ ಮಡಿಕಿನೂ ನೋಡ್ರಿ, ತುದಿ ಚೂಪೈತಿ. ಗುಂಡಂದು ಬ್ಯಾರೆ ಕಾಲದ್ದು. ಅದರ ಮ್ಯಾಲಿಂದ ಯಾವಾಗಿನ ಕವರ್ ಅಂತ ತಿಳೀತೈತಿ."

"ಸೂಪರ್. ಸ್ಟ್ಯಾಂಪ್ ಇರೋ ಮೂಲೆ ಮಾತ್ರ ಕತ್ತರಿಸಿ ಕೊಡಿ. ಇಡೀದು ನನ್ನ ಆಲ್ಬಮ್ಮಲ್ಲಿ ಹಿಡಿಸಲ್ಲ."

ಗದಿಗೆಮ್ಮ ಲಕೋಟೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ಹುಚ್ಚೇನ್ರಿ ನಿಮಗ? ಹಿಂಗ ಚಂದಗೆ ಕತ್ತರಿಸೇ ಮೂವತ್ತು ಕವರ್ ಹಾಳ ಮಾಡೀನಿ ನಾನು. ಅಬಿಡ್ಸಿನಾಗ ಹಳೇ ಸ್ಟ್ಯಾಂಪ್ ಮಾರೋ ಮುದುಕ ಸಾಹೇಬ್ರು ನೋಡಿ ತಲಿ ಹಿಡಕೊಂಡ್ರು. ಮಡಿಕಿ ಹೋತಂದ್ರ ಗುರುತೇ ಹೋತು ಅಂದ್ರು. ಅವತ್ತಿನಿಂದ ಕತ್ತರಿ ಮುಟ್ಟಿಲ್ಲ."

"ತಗೊಳ್ಳೋನು ನಾನಲ್ವಾ?"

"ಹುಡುಕಿದಾಕಿ ನಾನಲ್ಲೇನ್ರಿ? ಕಂಪ್ಯೂಟರ್ ಕಲ್ತೀರಿ, ಇದನ್ನ ನನ್ ಕಡಿಂದ ಕಲೀರಿ. ದೊಡ್ಡ ಆಲ್ಬಮ್ ತಗೊಂಡ ಬರ್ರಿ. ಅಲ್ಲೀತನಕ ಇದು ನನ್ ಕಡೀನ ಇರ್ತೈತಿ."

"ಆಯ್ತು ಮೇಡಂ. ಭಾನುವಾರ ತರ್ತೀನಿ."

"ಮೇಡಂ ಅಂತ! ಇನ್ನೊಮ್ಮೆ ಅನ್ರಿ."

ಕೂಕಟ್‌ಪಲ್ಲಿಯ ಬಸ್ಸು ಬಂತು. ಅವಳು ಲಕೋಟೆಯನ್ನು ಎರಡು ರಟ್ಟುಗಳ ನಡುವೆ ಇಟ್ಟು ಎದೆಗೆ ಅವಚಿಕೊಂಡಳು. ಮೋಹನ ಬಾಗಿಲ ಬಳಿಯ ಜನರನ್ನು ಸರಿಸುತ್ತ ಮುಂದೆ ನಡೆದ.

"ಜರಗಂಡಿ, ಜರಗಂಡಿ! ಮೇಡಂ ಬರ್ತಿದ್ದಾರೆ."