ನಳಿಗೆಯ ಮೇಲೆ ಹರಿಯುವವು

ಶಿರಸಿ ಬಸ್ ನಿಲ್ದಾಣದಲ್ಲಿ ಯಲ್ಲಾಪುರದ ಬಸ್ಸಿಗೆ ಕಾಯುತ್ತಿದ್ದ ರಾಜೀವಿಗೆ ಪಕ್ಕದಲ್ಲಿದ್ದ ತಾಯಿ ಮಗಳ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಆ ತಾಯಿಯ, ಹಾಸಿಗೆ ಹಿಡಿದ ಗಂಡನಿಗೆ ಮೂತ್ರ ಹೋಗಲು ಹಾಕಿದ್ದ ನಳಿಗೆ ಮತ್ತೆ ಕಟ್ಟಿಕೊಂಡು ಜ್ವರ ಏರಿತ್ತು. ಆಸ್ಪತ್ರೆಗೆ ಸೇರಿಸಿ, ಬಟ್ಟೆ ತರಲು ದಾಸನಕೊಪ್ಪಕ್ಕೆ ಹೊರಟಿದ್ದರು.

"ಎಷ್ಟ್ ತೊಳದ್ರೂ ಮತ್ತ ಅದೇ ಆತಲ್ಲ ತನುಜಾ."

"ಹೊರಗ ತೊಳದ್ರ ಒಳಗಿನ ಬ್ಯಾಕ್ಟೀರಿಯಾ ಹೋಗೂದಿಲ್ಲವ್ವ. ನಳಿಗಿ ಸಿಕ್ತಂದ್ರ ಅವು ಉದ್ದಕ ಬೆಳೀತಾವ. ಮೈತುಂಬ ಬಾಲ ಹುಟ್ತಾವ. ಒಂದಕ್ಕೊಂದು ಹತ್ಕೊಂಡು ಗುಂಪಾಗಿ ಹರೀತಾವ."

"ನಿನಗೇನ್ ಗೊತ್ತು?"

"ಕಾಲೇಜಿನ ಲ್ಯಾಬಿನಾಗ ದಿನಾ ನೋಡ್ತೀನಿ. ಅವನ್ನ ಬೆಳಸೂ ಗಾಜಿನ ತಟ್ಟಿ ತುಂಬ ಕೈಬಳಿ ಹಂಗ ಸುತ್ತು ಸುತ್ತಾಗಿ ಹರಡಿರ್ತಾವ."

"ದಿನಾ ನೋಡ್ತಿ. ತಡ್ಯಾಕ ಬರೂದಿಲ್ಲ?"

"ಆ ಬಾಲ ಫ್ಲಾಜೆಲಿನ್ ಅನ್ನೂ ಪ್ರೋಟೀನಿಂದ ಆಗಿರ್ತತಿ. ಅದನ್ನ ಕಟ್ಟದಂಗ ಮಾಡಿದ್ರ ಹರೀದಂಗ ಅಲ್ಲೇ ಕೂಡ್ತಾವ. ಅದೂ ಲ್ಯಾಬಿನ ತಟ್ಟ್ಯಾಗ ಅಷ್ಟೇ. ಅಪ್ಪಗ ಕೊಡೂ ಅಂಥಾ ಔಷಧ ಇನ್ನೂ ಬಂದಿಲ್ಲ."

ಮಗಳ ದನಿಯಲ್ಲಿ ಸಿಟ್ಟಿತ್ತು. ತಾಯಿ ದ್ಯಾವಮ್ಮ ತನ್ನ ಅಂಗೈ ನೋಡಿಕೊಂಡಳು. ಸೋಪು ತಿಕ್ಕಿ ತಿಕ್ಕಿ ಚರ್ಮ ಬಿರಿದದ್ದು ರಾಜೀವಿಗೂ ಕಂಡಿತು.

"ನಿಮ್ಮಪ್ಪನ ಒಡಹುಟ್ಟಿದಾಕಿ, ನಿಮ್ಮತ್ತಿ, ಊರ್ ತುಂಬ ಹೇಳ್ಕೊಂಡ್ ಬಂದಾಳ, ದ್ಯಾವಮ್ಮನ ಕೈ ಹೊಲಸು, ಅದಕ್ಕ ಹಿಂಗಾಗ್ತತಿ ಅಂತ."

"ನಿನ್ನ ಕೈಯಿಂದ ಆಗಿದ್ದಲ್ಲವ್ವ ಇದು."

"ನನಗ ಹೇಳಿದ್ರ ಏನ್ ಬಂತು? ಆಕೀ ಮುಂದ ಹೇಳ್ತಿ?"

ದಾಸನಕೊಪ್ಪದ ಬಸ್ಸು ಬಂದು ನಿಂತಿತು. ತನುಜಾ ತಾಯಿಯ ಚೀಲವನ್ನೂ ಎತ್ತಿಕೊಂಡಳು.

"ಬಟ್ಟಿ ಆಮ್ಯಾಗ. ಮೊದ್ಲ ಅತ್ತಿ ಮನಿಗೇ ಹೋಗೂಣು ನಡಿ."

ದ್ಯಾವಮ್ಮ ಮಗಳಿಗಿಂತ ಮೊದಲು ಬಸ್ಸು ಹತ್ತಿದಳು.